ಮೆಲ್ಬರ್ನ್ 1956: ಹನ್ನೊಂದು ತಂಡಗಳ ಒಲಿಂಪಿಕ್ ಫುಟ್‌ಬಾಲ್

1956ರ ಮೆಲ್ಬರ್ನ್ ಒಲಿಂಪಿಕ್ಸ್‌ನ ಫುಟ್‌ಬಾಲ್ ಕಣದಲ್ಲಿ ಉಳಿದದ್ದು ಹನ್ನೊಂದೇ ತಂಡಗಳು. ಆಸ್ಟ್ರೇಲಿಯಾಕ್ಕೆ ಪ್ರಯಾಣ ದೀರ್ಘ, ಖರ್ಚು ಹೆಚ್ಚು. ಅದರ ಮೇಲೆ ಆ ವರ್ಷದ ರಾಜಕೀಯ. ಸೂಯೆಜ್ ಬಿಕ್ಕಟ್ಟಿನಿಂದಾಗಿ ಈಜಿಪ್ಟ್ ಹಿಂದೆ ಸರಿಯಿತು. 1952ರ ಚಿನ್ನದ ಪದಕ ಗೆದ್ದಿದ್ದ ಹಂಗೆರಿಯಲ್ಲಿ ಅಕ್ಟೋಬರ್‌ನಲ್ಲಿ ಜನಬಂಡಾಯ ಎದ್ದು, ಸೋವಿಯತ್ ಸೇನೆ ಅದನ್ನು ಹತ್ತಿಕ್ಕಿತು. ಆ ದೇಶದ ಫುಟ್‌ಬಾಲ್ ತಂಡ ಮೆಲ್ಬರ್ನ್‌ಗೆ ಬರಲೇ ಇಲ್ಲ. ಹಂಗೆರಿಯನ್ನು ಎದುರಿಸಬೇಕಿದ್ದ ಭಾರತಕ್ಕೆ ಮೊದಲ ಸುತ್ತಿನಲ್ಲಿ ವಾಕೋವರ್ ದೊರೆಯಿತು.

ತಂಡಗಳ ಸಂಖ್ಯೆ ಇಳಿದರೂ ಆಟದ ಮಟ್ಟ ಇಳಿಯಲಿಲ್ಲ. ಒಲಿಂಪಿಕ್ಸ್‌ನಲ್ಲಿ ಆಗ ಹವ್ಯಾಸಿ ಆಟಗಾರರಿಗಷ್ಟೇ ಅವಕಾಶವಿತ್ತು. ಪಶ್ಚಿಮ ಯುರೋಪಿನ ವೃತ್ತಿಪರ ತಾರೆಯರಿಗೆ ಬಾಗಿಲು ಮುಚ್ಚಿತ್ತು. ಸಮಾಜವಾದಿ ದೇಶಗಳಲ್ಲಿ ವೃತ್ತಿಪರರೆಂಬ ವರ್ಗವೇ ದಾಖಲೆಯಲ್ಲಿ ಇರಲಿಲ್ಲವಾದ್ದರಿಂದ, ಅವು ತಮ್ಮ ಅತ್ಯುತ್ತಮ ಆಟಗಾರರನ್ನೇ ಕಳಿಸುತ್ತಿದ್ದವು. ಗೋಲ್‌ಕೀಪರ್ ಲೆವ್ ಯಾಶಿನ್, ನಾಯಕ ಇಗೊರ್ ನೆಟೊ, ಹತ್ತೊಂಬತ್ತರ ಹರೆಯದ ಎಡ್ವರ್ಡ್ ಸ್ಟ್ರೆಲ್‌ಸೊವ್ ಇದ್ದ ಸೋವಿಯತ್ ತಂಡ ಯಾವ ವಿಶ್ವಕಪ್ಪಿಗೂ ಸಲ್ಲುವಂಥದ್ದು.

ಆರಂಭದ ಪಂದ್ಯಗಳಲ್ಲಿ ಅಂತರ ದೊಡ್ಡದಿತ್ತು. ಬ್ರಿಟನ್ ಥಾಯ್ಲೆಂಡನ್ನು 9–0ಯಿಂದ ಸೋಲಿಸಿ, ಮುಂದಿನ ಸುತ್ತಿನಲ್ಲಿ ಬಲ್ಗೇರಿಯಾಕ್ಕೆ 6–1ರಿಂದ ಶರಣಾಯಿತು. ಯುಗೊಸ್ಲಾವಿಯಾ ಅಮೆರಿಕದ ವಿರುದ್ಧ 9–1ರಿಂದ ಗೆದ್ದಿತು. ಇದಕ್ಕೆ ಅಪವಾದವಾಗಿ ನಿಂತದ್ದು ಇಂಡೊನೇಷ್ಯಾ. ಹೆಚ್ಚುವರಿ ಅವಧಿಯೂ ಸೇರಿ ಸೋವಿಯತ್ ದಾಳಿಯನ್ನೆಲ್ಲ ತಡೆದು ಅದು 0–0 ಡ್ರಾ ಮಾಡಿಕೊಂಡಿತು. ಮರುಪಂದ್ಯದಲ್ಲಿ ಸೋವಿಯತ್ 4–0ಯಿಂದ ಗೆದ್ದರೂ, ಮೊದಲ ದಿನದ ಆ ರಕ್ಷಣೆ ಏಷ್ಯಾದ ಫುಟ್‌ಬಾಲ್‌ನ ದೊಡ್ಡ ಸಾಧನೆಗಳಲ್ಲಿ ಒಂದು.

ಮತ್ತೊಂದು ಸಾಧನೆ ಭಾರತದ್ದು. ನಾಲ್ಕು ವರ್ಷಗಳ ಹಿಂದೆ ಹೆಲ್ಸಿಂಕಿಯಲ್ಲಿ ಭಾರತ ಯುಗೊಸ್ಲಾವಿಯಾದ ಎದುರು 10–1ರಿಂದ ಸೋತಿತ್ತು. ಹಲವು ಆಟಗಾರರು ಬರಿಗಾಲಿನಲ್ಲೇ ಆಡಿದ್ದರು. ಆ ಸೋಲಿನ ನಂತರ ಬೂಟು ಕಡ್ಡಾಯವಾಯಿತು. ಕೋಚ್ ಸೈಯದ್ ಅಬ್ದುಲ್ ರಹೀಂ ಹೈದರಾಬಾದಿನ ಶಾಲಾ ಶಿಕ್ಷಕರು, ಹೈದರಾಬಾದ್ ಸಿಟಿ ಪೊಲೀಸ್ ತಂಡವನ್ನು ಪಳಗಿಸಿದವರು. ಚೆಂಡನ್ನು ಕಾಲಿನಲ್ಲೇ ಇಟ್ಟುಕೊಂಡು ಓಡುವುದಕ್ಕಿಂತ ಚುರುಕಾದ ಚಿಕ್ಕ ಪಾಸ್‌ಗಳಲ್ಲಿ ಅವರಿಗೆ ನಂಬಿಕೆ. ಡ್ರಿಬಲ್ ಮಾಡುವಂತಿಲ್ಲ ಎಂಬ ನಿಯಮದ ಟೂರ್ನಿಗಳನ್ನೂ, ಬಲವಿಲ್ಲದ ಕಾಲಿನಿಂದಲೇ ಒದೆಯಬೇಕಾದ ಟೂರ್ನಿಗಳನ್ನೂ ಅವರು ಹೈದರಾಬಾದಿನಲ್ಲಿ ನಡೆಸಿದ್ದರು. ಮೆಲ್ಬರ್ನ್ ತಂಡಕ್ಕೆ ಸಮರ್ ಬ್ಯಾನರ್ಜಿ ನಾಯಕ. ಪಿ.ಕೆ. ಬ್ಯಾನರ್ಜಿ, ತುಳಸೀದಾಸ್ ಬಲರಾಂ ಇಬ್ಬರಿಗೂ ಆಗ ಇಪ್ಪತ್ತು ವರ್ಷ. ಹಾಫ್‌ಬ್ಯಾಕ್ ಕೆಂಪಯ್ಯ ಬೆಂಗಳೂರಿನವರು.

ಡಿಸೆಂಬರ್ 1ರಂದು ಆತಿಥೇಯ ಆಸ್ಟ್ರೇಲಿಯಾದೊಡನೆ ಕ್ವಾರ್ಟರ್‌ಫೈನಲ್. ಮುಂಬೈಯ ಕ್ಲಬ್‌ಗಳಲ್ಲಿ ಬೆಳೆದ ಸೆಂಟರ್ ಫಾರ್ವರ್ಡ್ ನೆವಿಲ್ ಡಿಸೋಜ ಎರಡು ಬಾರಿ ಮುನ್ನಡೆ ತಂದುಕೊಟ್ಟರು, ಬ್ರೂಸ್ ಮಾರೊ ಎರಡು ಬಾರಿಯೂ ಸಮಗೊಳಿಸಿದರು. ವಿರಾಮದ ಬಳಿಕ ನೆವಿಲ್ ಮೂರನೆಯ ಗೋಲು ಹೊಡೆದರು. ಒಲಿಂಪಿಕ್ ಫುಟ್‌ಬಾಲ್‌ನಲ್ಲಿ ಏಷ್ಯಾದ ಆಟಗಾರನೊಬ್ಬನ ಮೊದಲ ಹ್ಯಾಟ್ರಿಕ್ ಅದು. ಕಿಟ್ಟು ಕೃಷ್ಣಸ್ವಾಮಿ ನಾಲ್ಕನೆಯ ಗೋಲು ಸೇರಿಸಿ ಪಂದ್ಯವನ್ನು 4–2ಕ್ಕೆ ಮುಗಿಸಿದರು. ಒಲಿಂಪಿಕ್ ಫುಟ್‌ಬಾಲ್‌ನ ಸೆಮಿಫೈನಲ್ ತಲುಪಿದ ಮೊದಲ ಏಷ್ಯನ್ ತಂಡ ಭಾರತ.

ಸೆಮಿಫೈನಲ್‌ನಲ್ಲಿ ಎದುರಾದದ್ದು ಅದೇ ಯುಗೊಸ್ಲಾವಿಯಾ. ಮೊದಲಾರ್ಧದಲ್ಲಿ ಗೋಲಿಲ್ಲ. ವಿರಾಮದ ನಂತರ ನೆವಿಲ್ ಗೋಲಿನಿಂದ ಭಾರತವೇ ಮುಂದಾಯಿತು. ಆದರೆ ಮುನ್ನಡೆ ಕೆಲವೇ ನಿಮಿಷ ಉಳಿಯಿತು. ಪಾಪೆಟ್ಸ್ ಎರಡು, ವೆಸೆಲಿನೊವಿಚ್ ಒಂದು ಗೋಲು ಹೊಡೆದರು. ಕೊನೆಗೆ ಭಾರತದ ಸಲಾಂ ಅವರ ಕಾಲಿನಿಂದ ಸ್ವಂತ ಗೋಲು. ಫಲಿತಾಂಶ 4–1. ಕಂಚಿನ ಪದಕದ ಪಂದ್ಯದಲ್ಲಿ ಬಲ್ಗೇರಿಯಾ 3–0ಯಿಂದ ಗೆದ್ದು ಭಾರತವನ್ನು ನಾಲ್ಕನೆಯ ಸ್ಥಾನಕ್ಕೆ ಇಳಿಸಿತು. ನಾಲ್ಕು ಗೋಲುಗಳ ನೆವಿಲ್ ಡಿಸೋಜ ಟೂರ್ನಿಯ ಅಗ್ರ ಗೋಲುಗಾರರ ಸಾಲಿನಲ್ಲಿ ವೆಸೆಲಿನೊವಿಚ್ ಮತ್ತು ಬಲ್ಗೇರಿಯಾದ ಮಿಲಾನೊವ್ ಅವರಿಗೆ ಸಮನಾಗಿ ನಿಂತರು.

ಸೋವಿಯತ್ ಮತ್ತು ಬಲ್ಗೇರಿಯಾ ನಡುವಿನ ಇನ್ನೊಂದು ಸೆಮಿಫೈನಲ್ ಟೂರ್ನಿಯ ಅತಿ ಕಠಿಣ ಪಂದ್ಯ. ಬದಲಿ ಆಟಗಾರರನ್ನು ಇಳಿಸುವ ಪದ್ಧತಿ ಆಗ ಇರಲಿಲ್ಲ. ರಕ್ಷಣಾ ಆಟಗಾರ ತಿಶ್ಚೆಂಕೊ ಅವರ ಕೊರಳೆಲುಬು ಮುರಿದಿತ್ತು, ವ್ಯಾಲೆಂಟಿನ್ ಇವಾನೊವ್ ಅವರ ಮೊಣಕಾಲಿಗೆ ಪೆಟ್ಟಾಗಿತ್ತು. ಇಬ್ಬರೂ ಮೈದಾನ ಬಿಡಲಿಲ್ಲ. ಹೆಚ್ಚುವರಿ ಅವಧಿಯಲ್ಲಿ ಬಲ್ಗೇರಿಯಾ ಮೊದಲು ಗೋಲು ಹೊಡೆಯಿತು. ಸ್ಟ್ರೆಲ್‌ಸೊವ್ ಸಮಗೊಳಿಸಿದರು, ತತುಶಿನ್ ಗೆಲುವಿನ ಗೋಲು ತಂದರು.

ಫೈನಲ್ ಡಿಸೆಂಬರ್ 8ರಂದು ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲಿ ನಡೆಯಿತು. ಇವಾನೊವ್ ಗಾಯಗೊಂಡಿದ್ದರು. ಮುನ್ನುಗ್ಗುವ ಜೋಡಿ ಒಂದೇ ಕ್ಲಬ್ಬಿನದಾಗಿರಬೇಕೆಂಬುದು ಕೋಚ್ ಗವ್ರಿಲ್ ಕಚಾಲಿನ್ ನಿಲುವು. ಹೀಗಾಗಿ ಇವಾನೊವ್‌ರ ಟಾರ್ಪಿಡೊ ಕ್ಲಬ್ಬಿನ ಜೊತೆಗಾರ ಸ್ಟ್ರೆಲ್‌ಸೊವ್ ಕೂಡ ಹೊರಗುಳಿದು, ಸ್ಪಾರ್ಟಕ್‌ನ ನಿಕಿತಾ ಸಿಮೊನ್ಯಾನ್ ಆಡಿದರು. ವಿರಾಮದ ಬೆನ್ನಲ್ಲೇ ಇಲ್ಯಿನ್ ಹೊಡೆದ ಏಕೈಕ ಗೋಲಿನಿಂದ ಸೋವಿಯತ್ ಗೆದ್ದಿತು. ಯುಗೊಸ್ಲಾವಿಯಾಕ್ಕೆ ಸತತ ಮೂರನೆಯ ಬೆಳ್ಳಿ. ಫೈನಲ್ ಆಡಿದವರಿಗೆ ಮಾತ್ರ ಪದಕ ಸಿಗುತ್ತಿದ್ದ ಕಾಲವದು. ಸಿಮೊನ್ಯಾನ್ ತಮ್ಮ ಪದಕವನ್ನು ಸ್ಟ್ರೆಲ್‌ಸೊವ್‌ಗೆ ಕೊಡಲು ಮುಂದಾದರು, ಸ್ಟ್ರೆಲ್‌ಸೊವ್ ಒಪ್ಪಲಿಲ್ಲ.

ಮೆಲ್ಬರ್ನ್‌ನಲ್ಲಿ ಕಂಡ ಬಲಾಬಲ ತಾತ್ಕಾಲಿಕವಲ್ಲವೆಂದು ಮುಂದಿನ ವರ್ಷಗಳು ತೋರಿಸಿದವು. 1960ರ ಮೊದಲ ಯುರೋಪಿಯನ್ ನೇಷನ್ಸ್ ಕಪ್ ಫೈನಲ್‌ನಲ್ಲಿ ಇವೇ ಎರಡು ದೇಶಗಳು ಮತ್ತೆ ಎದುರಾಗಿ, ಕಚಾಲಿನ್ ತಂಡವೇ 2–1ರಿಂದ ಗೆದ್ದಿತು. ಅದೇ ವರ್ಷ ರೋಮ್ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾ ಕೊನೆಗೂ ಚಿನ್ನ ಪಡೆಯಿತು. ಪಿ.ಕೆ. ಬ್ಯಾನರ್ಜಿ, ಬಲರಾಂ, ಗೋಲ್‌ಕೀಪರ್ ತಂಗರಾಜ್ ಅವರಂಥ ಮೆಲ್ಬರ್ನ್ ಅನುಭವಿಗಳಿದ್ದ ರಹೀಂ ತಂಡ 1962ರಲ್ಲಿ ಜಕಾರ್ತದ ಏಷ್ಯನ್ ಕ್ರೀಡಾಕೂಟದ ಚಿನ್ನ ಗೆದ್ದಿತು. ಭಾರತದ ನಾಲ್ಕನೆಯ ಸ್ಥಾನವನ್ನು ವಾಕೋವರ್‌ನ ಕೊಡುಗೆ ಎಂದು ಕಿರಿದು ಮಾಡುವವರು, ಹತ್ತು ಗೋಲು ತಿಂದ ತಂಡವೇ ನಾಲ್ಕು ವರ್ಷಗಳಲ್ಲಿ ಅದೇ ಎದುರಾಳಿಯ ಮೇಲೆ ಮುನ್ನಡೆ ಪಡೆದದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಒಲಿಂಪಿಕ್ ಫುಟ್‌ಬಾಲ್‌ನಲ್ಲಿ ಭಾರತದ ಅತ್ಯುತ್ತಮ ಸಾಧನೆ ಇಂದಿಗೂ ಅದೇ. 1960ರ ನಂತರ ಭಾರತ ಆ ಕಣಕ್ಕೆ ಮತ್ತೆ ಅರ್ಹತೆ ಗಳಿಸಿಲ್ಲ.