ಗ್ರಂಥಭಂಡಾರ: ದರ್ಶನವೋ, ಸ್ವಾಧ್ಯಾಯವೋ?

ಗ್ರಂಥಾಲಯವನ್ನು ಸರಸ್ವತೀಮಂದಿರವೆಂದು ಕರೆಯುವುದು ನಮ್ಮಲ್ಲಿ ರೂಢಿಯಾಗಿದೆ. ವಿದ್ಯಾಸಂಸ್ಥೆಗಳ ಸಮಾರಂಭಗಳಲ್ಲಿ ಈ ಮಾತು ತಪ್ಪದೆ ಕೇಳಿಬರುತ್ತದೆ. ಜೈನ ಪರಂಪರೆಯಲ್ಲಿ ಶ್ರುತಭಂಡಾರ, ಶಾಸ್ತ್ರಭಂಡಾರ ಎಂಬ ಹೆಸರುಗಳು ಹೆಚ್ಚು ಬಳಕೆಯಲ್ಲಿವೆ. ಮಂದಿರವೆಂದೊಡನೆ ಕೈಮುಗಿಯುವ ಭಾವ ಮೂಡುತ್ತದೆ. ಭಂಡಾರವೆಂದೊಡನೆ ಬೀಗಮುದ್ರೆ ನೆನಪಾಗುತ್ತದೆ. ಓದುವ ಮನುಷ್ಯನ ಚಿತ್ರ ಈ ಎರಡು ಹೆಸರುಗಳಲ್ಲಿಯೂ ಇಲ್ಲ. ಗ್ರಂಥಾಲಯವನ್ನು ಜನರು ಹೇಗೆ ಕಾಣುತ್ತಾರೆ, ಅದರೊಡನೆ ಹೇಗೆ ನಡೆದುಕೊಳ್ಳುತ್ತಾರೆ ಎಂಬುದರಲ್ಲಿ ಇಂತಹ ಹೆಸರುಗಳ ಪಾತ್ರ ಸಣ್ಣದಲ್ಲ. ಈ ಪೂಜ್ಯಭಾವದಿಂದ ಗ್ರಂಥಗಳಿಗೆ ಆದ ಉಪಕಾರವೇನು, ಅಪಕಾರವೇನು ಎಂಬುದನ್ನು ಎರಡು ಭಂಡಾರಗಳ ಇತಿಹಾಸದಿಂದ ಇಲ್ಲಿ ವಿವೇಚಿಸಲಾಗಿದೆ. ಮೊದಲನೆಯದು ಮೂಡಬಿದಿರೆಯ ಸಿದ್ಧಾಂತ ಬಸದಿಯದು. ಎರಡನೆಯದು ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದ್ದು.

ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ರಚಿಸಿದ ಧವಲಾ ಟೀಕೆ, ಕಷಾಯಪ್ರಾಭೃತಕ್ಕೆ ಅವರು ಆರಂಭಿಸಿ ಶಿಷ್ಯರಾದ ಜಿನಸೇನಾಚಾರ್ಯರು ಪೂರ್ಣಗೊಳಿಸಿದ ಜಯಧವಲಾ ಟೀಕೆ ಹಾಗೂ ಮಹಾಬಂಧ, ಇವುಗಳ ಪ್ರಾಚೀನ ತಾಡಪತ್ರ ಪ್ರತಿಗಳು ಉಳಿದುಬಂದದ್ದು ಮೂಡಬಿದಿರೆಯಲ್ಲಿ. ಭಾಷೆ ಸಂಸ್ಕೃತಮಿಶ್ರಿತ ಪ್ರಾಕೃತ, ಲಿಪಿ ಹಳಗನ್ನಡ. ನವರತ್ನಮಯ ಜಿನಬಿಂಬಗಳೊಡನೆ ಈ ಓಲೆಗಳನ್ನೂ ಯಾತ್ರಿಕರಿಗೆ ತೋರಿಸುತ್ತಿದ್ದರು. ಆ ವಿಧಿಗೆ ಸಿದ್ಧಾಂತದರ್ಶನವೆಂದೇ ಹೆಸರು. ಶತಮಾನಗಳ ಮಳೆ, ಗೆದ್ದಲು, ರಾಜ್ಯಗಳ ಏಳುಬೀಳುಗಳ ನಡುವೆ ಓಲೆಗಳು ಉಳಿದದ್ದಕ್ಕೆ ಈ ಭಕ್ತಿಯೇ ಮುಖ್ಯ ಕಾರಣ. ಓದಲಾರದವನೂ ಅವನ್ನು ಕಾದನು. ಕೇವಲ ಉಪಯೋಗದ ವಸ್ತುವೆಂದು ಎಣಿಸಿದ್ದರೆ, ಓದುವವರಿಲ್ಲದ ಕಾಲದಲ್ಲಿ ಅವು ಅಟ್ಟದ ಕಸದೊಡನೆ ಹೋಗುತ್ತಿದ್ದವು. ಈ ಉಪಕಾರವನ್ನು ಮರೆತು ಪೂರ್ವಿಕರನ್ನು ಆಕ್ಷೇಪಿಸುವುದು ಕೃತಘ್ನತೆಯಾದೀತು.

ಆದರೆ ಅದೇ ಭಕ್ತಿ ಓದನ್ನು ತಡೆಯಿತೆಂಬುದೂ ಅಷ್ಟೇ ಸತ್ಯ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆರಂಭವಾದ ಪ್ರತಿಲೇಖನ ಕಾರ್ಯ 1922ರವರೆಗೂ ಎಳೆಯಿತು. ಅಷ್ಟಾದರೂ ಪ್ರತಿಗಳು ಹೊರಗೆ ಹೋಗಕೂಡದೆಂಬ ನಿರ್ಬಂಧವಿತ್ತು. ಪ್ರತಿಲೇಖನದಲ್ಲಿ ತೊಡಗಿದ್ದ ಗಜಪತಿ ಉಪಾಧ್ಯಾಯರು ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಟ್ಟಾಗಿ ಕನ್ನಡ ಲಿಪಿಯಲ್ಲಿ ಮತ್ತೊಂದು ಪ್ರತಿ ಮಾಡಿಕೊಂಡರು. ಅದು ಉತ್ತರದ ಸಹಾರನಪುರವನ್ನು ಸೇರಿತು. ಅದರ ಪ್ರತಿಗಳೇ ಮುಂದೆ ಹಬ್ಬಿದವು. ಅವರು ಮಾಡಿದ್ದು ನಿಯಮಭಂಗವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆಗಮವನ್ನು ಓದಗೊಡಲು ಆಗಮಭಕ್ತನೊಬ್ಬ ಕಳ್ಳನಂತೆ ನಡೆಯಬೇಕಾಯಿತೆಂಬುದು ವಿಚಾರಾರ್ಹ. ಜ್ಞಾನವನ್ನು ಮರೆಮಾಡುವುದು, ಮಾತ್ಸರ್ಯದಿಂದ ಕೊಡದಿರುವುದು, ಜ್ಞಾನಕ್ಕೆ ವಿಘ್ನವೊಡ್ಡುವುದು ಇವೆಲ್ಲ ಜ್ಞಾನಾವರಣೀಯ ಕರ್ಮದ ಆಸ್ರವಕ್ಕೆ ಕಾರಣಗಳೆಂದು ತತ್ತ್ವಾರ್ಥಸೂತ್ರ ಎಣಿಸಿದೆ. ಗ್ರಂಥಪಾಲಕನಿಗೆ ಇದಕ್ಕಿಂತ ಕಠಿಣವಾದ ಎಚ್ಚರಿಕೆ ಬೇರೊಂದಿಲ್ಲ.

ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಲಾಸಹಿತ ಷಟ್ಖಂಡಾಗಮದ ಮೊದಲ ಸಂಪುಟ 1939ರಲ್ಲಿ ಪ್ರಕಟವಾಯಿತು. ಹದಿನಾರನೆಯದು ಬಂದದ್ದು 1958ರಲ್ಲಿ. ಮೊದಲ ಸಂಪುಟದ ಸಂಪಾದನೆಗೆ ಆಧಾರವಾದದ್ದು ಹೊರಬಂದ ಪ್ರತಿಗಳ ಪ್ರತಿಗಳು. ಸತ್ಪ್ರರೂಪಣೆಯ 93ನೆಯ ಸೂತ್ರದಲ್ಲಿ ‘ಸಂಜದ’, ಎಂದರೆ ಸಂಯತ, ಎಂಬ ಪದ ಅವುಗಳಲ್ಲಿ ಇರಲಿಲ್ಲ. ಅರ್ಥಸಂಗತಿಯನ್ನು ನೋಡಿದರೆ ಆ ಪದ ಇರಬೇಕೆಂದು ಸಂಪಾದಕರು ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಸ್ತ್ರೀಯರ ಸಂಯಮ ಹಾಗೂ ಮೋಕ್ಷದ ಪ್ರಶ್ನೆ ಆ ಸೂತ್ರಕ್ಕೆ ತಗುಲಿಕೊಂಡದ್ದರಿಂದ ಪಂಡಿತರಲ್ಲಿ ದೊಡ್ಡ ವಿವಾದವೆದ್ದಿತು. ಕೊನೆಗೆ ಮೂಡಬಿದಿರೆಯ ಓಲೆಗಳನ್ನು ನೋಡಿದಾಗ ಆ ಪದ ಅಲ್ಲಿ ಇದ್ದೇ ಇತ್ತು. ಅದರ ತಾತ್ಪರ್ಯ ದ್ರವ್ಯಸ್ತ್ರೀಪರವೋ ಭಾವಸ್ತ್ರೀಪರವೋ ಎಂಬ ಚರ್ಚೆ ಪ್ರಸ್ತುತ ವಿಷಯಕ್ಕೆ ಹೊರಗಿನದು. ಗಮನಿಸಬೇಕಾದ ಅಂಶ ಇಷ್ಟೆ: ತಲೆಮಾರುಗಳ ಯಾತ್ರಿಕರು ಆ ಓಲೆಗಳಿಗೆ ಕೈಮುಗಿದು ಹೋಗಿದ್ದರು, ಆ ಪದ ಅವರ ಕಣ್ಣೆದುರಿಗೇ ಇದ್ದಿತು. ದರ್ಶನ ಓಲೆಯನ್ನು ಉಳಿಸಿತು. ಅದರಲ್ಲಿದ್ದ ಪದವನ್ನು ಎತ್ತಿಕೊಟ್ಟದ್ದು ಪಾಠಪರಿಶೀಲನೆ. ಪೂಜೆಯಿಲ್ಲದಿದ್ದರೆ ನೋಡಲು ಓಲೆಯಿರುತ್ತಿರಲಿಲ್ಲ, ಓದಿಲ್ಲದಿದ್ದರೆ ಓಲೆಯಿದ್ದೂ ಪದವಿರುತ್ತಿರಲಿಲ್ಲ.

ಬಸದಿಯ ಭಂಡಾರಕ್ಕೆ ಈ ದೋಷ ಸಹಜ, ಆಧುನಿಕ ವಿದ್ಯಾಸಂಸ್ಥೆಯ ಗ್ರಂಥಾಲಯ ಇದರಿಂದ ಮುಕ್ತವೆಂದು ಯಾರಾದರೂ ಹೇಳಬಹುದು. ಮೈಸೂರಿನ ನಿದರ್ಶನವನ್ನು ನೋಡಬೇಕು. ಅಲ್ಲಿಯ ಭವ್ಯ ಕಟ್ಟಡ ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಸುವರ್ಣೋತ್ಸವದ ನೆನಪಿಗಾಗಿ 1887ರಲ್ಲಿ ಮೊದಲಾದದ್ದು. ಓರಿಯಂಟಲ್ ಲೈಬ್ರರಿ ಸ್ಥಾಪನೆಯಾದದ್ದು 1891ರಲ್ಲಿ. ಅದು ವಿಶ್ವವಿದ್ಯಾನಿಲಯದ ಆಡಳಿತಕ್ಕೆ ಸೇರಿದ್ದು 1916ರಲ್ಲಿ. ಕಟ್ಟಡ ಸಾರುವುದು ಪ್ರಭುತ್ವದ ವೈಭವವನ್ನು. ಆದರೆ ಆ ಸಂಸ್ಥೆಗೆ ಲೋಕಖ್ಯಾತಿ ಬಂದದ್ದು ಕಂಬ ಕಮಾನುಗಳಿಂದಲ್ಲ. ತಂಜಾವೂರು ಸೀಮೆಯ ಪಂಡಿತರೊಬ್ಬರು ತಂದೊಪ್ಪಿಸಿದ ಗ್ರಂಥಲಿಪಿಯ ಓಲೆಕಟ್ಟನ್ನು ಆರ್. ಶಾಮಶಾಸ್ತ್ರಿಗಳು ಬಿಚ್ಚಿ ಓದಿ, ಅದು ಕೌಟಿಲ್ಯನ ಅರ್ಥಶಾಸ್ತ್ರವೆಂದು 1905ರಲ್ಲಿ ಗುರುತಿಸಿ, 1909ರಲ್ಲಿ ಮುದ್ರಿಸಿದ್ದರಿಂದ. ಓಲೆಯನ್ನು ಕೊಟ್ಟ ಪಂಡಿತರ ಹೆಸರೂ ಲೋಕಕ್ಕೆ ತಿಳಿಯಲಿಲ್ಲ. ಕೊಡುವ ಕೈ, ಓದುವ ಕಣ್ಣು ಈ ಎರಡೂ ಕೂಡಿದ ದಿನವೇ ಆ ಕಟ್ಟಡ ಗ್ರಂಥಾಲಯವಾಯಿತೆನ್ನಬೇಕು.

ಈ ಯೋಗ ಎಲ್ಲೆಡೆ ಒದಗುವುದಿಲ್ಲ. ವಿದ್ಯಾಸಂಸ್ಥೆಯೊಂದರ ಗ್ರಂಥಾಲಯದಲ್ಲಿ ಹಿಂದೊಮ್ಮೆ ಈ ಲೇಖಕನು ಓಲೆಕಟ್ಟೊಂದನ್ನು ಕೇಳಿದಾಗ, ಅದು ಗಣ್ಯರ ವೀಕ್ಷಣೆಗಾಗಿ ಗಾಜಿನ ಪೆಟ್ಟಿಗೆಯಲ್ಲಿದೆ, ತೆಗೆಯುವಂತಿಲ್ಲ ಎಂಬ ಉತ್ತರ ದೊರೆಯಿತು. ಗಾಜಿನೊಳಗೆ ಮೇಲಿದ್ದ ಗರಿಯನ್ನು ತಲೆಕೆಳಗಾಗಿ ಇಟ್ಟಿದ್ದರು. ನೋಡಿಹೋದ ಗಣ್ಯರಲ್ಲಿ ಯಾರಿಗೂ ಅದು ತಿಳಿದಂತಿರಲಿಲ್ಲ. ಅಲ್ಲಿಯೂ ನಡೆಯುತ್ತಿದ್ದದ್ದು ದರ್ಶನವೇ; ವ್ಯತ್ಯಾಸವೆಂದರೆ ಬಸದಿಯಲ್ಲಿದ್ದ ಭಕ್ತಿ ಅಲ್ಲಿರಲಿಲ್ಲ. ವಿದ್ಯಾರ್ಥಿಗೆ ಗ್ರಂಥಾಲಯವು ತನ್ನ ಸಂಸ್ಥೆಯ ಹಿರಿಮೆಯ ಗುರುತಾಗಿ ಕಂಡು, ತಾನು ಕುಳಿತು ಓದುವ ಮನೆಯಾಗಿ ಕಾಣದಿದ್ದರೆ ಅದು ವಿದ್ಯಾರ್ಥಿಯ ದೋಷವಲ್ಲ.

ಈಗ ಹಸ್ತಪ್ರತಿಗಳ ಡಿಜಿಟಲ್ ಛಾಯಾಪ್ರತಿಗಳನ್ನು ತೆಗೆಯುವ ಕೆಲಸ ಹಲವೆಡೆ ನಡೆದಿದೆ. ಇದು ಸ್ತುತ್ಯ ಕಾರ್ಯ. ಆದರೆ ಎಷ್ಟು ಗರಿಗಳ ಚಿತ್ರ ತೆಗೆದೆವೆಂಬ ಲೆಕ್ಕವೇ ಸಾಧನೆಯೆನಿಸಿ, ಹಳಗನ್ನಡ ಲಿಪಿಯನ್ನು ಸರಾಗವಾಗಿ ಓದಬಲ್ಲವರು ತಯಾರಾಗದಿದ್ದರೆ ಗಣಕಯಂತ್ರವೂ ಇನ್ನೊಂದು ಗಾಜಿನ ಪೆಟ್ಟಿಗೆಯಾಗುತ್ತದೆ. ಪಂ. ಕೆ. ಭುಜಬಲಿ ಶಾಸ್ತ್ರಿಗಳ ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ 1948ರಲ್ಲಿ ಕಾಶಿಯಿಂದ ಪ್ರಕಟವಾಯಿತು. ಮೂಡಬಿದಿರೆ, ಕಾರ್ಕಳ ಮೊದಲಾದೆಡೆಗಳ ಭಂಡಾರಗಳಲ್ಲಿ ಏನಿದೆಯೆಂಬುದನ್ನು ಅದು ದೂರದ ವಿದ್ವಾಂಸರಿಗೆ ತಿಳಿಸಿತು. ಭಂಡಾರಕ್ಕೆ ಗೋಡೆ ಕಟ್ಟುವವರು ಅನೇಕರಿರುತ್ತಾರೆ. ಬಾಗಿಲು ಇಡುವವನು ಸೂಚೀಕಾರ.

ನಮ್ಮ ಪರಂಪರೆಯಲ್ಲಿಯೇ ಈ ಸಮಸ್ಯೆಗೆ ಪರಿಹಾರವಿದೆ. ಆಹಾರ, ಔಷಧ, ಅಭಯಗಳೊಡನೆ ಶಾಸ್ತ್ರವನ್ನೂ ದಾನಗಳಲ್ಲಿ ಎಣಿಸಲಾಗಿದೆ. ದಾನವೆಂದರೆ ಕೈಬಿಟ್ಟು ಕೊಡುವುದು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಅತ್ತಿಮಬ್ಬೆಯ ಕೀರ್ತಿ ನಿಂತಿರುವುದು ಕೊಟ್ಟದ್ದರ ಮೇಲೆ. ಜ್ಯೇಷ್ಠ ಶುಕ್ಲ ಪಂಚಮಿಯ ಶ್ರುತಪೂಜೆಯಂದು ಓಲೆಗಳನ್ನು ಹೊರತೆಗೆದು, ಧೂಳೊರೆಸಿ, ಹೊಸ ವಸ್ತ್ರದಲ್ಲಿ ಕಟ್ಟಿಡುವ ಪದ್ಧತಿಯಿದೆ. ಕಟ್ಟು ಬಿಚ್ಚಿರುವ ಆ ದಿನ ಒಂದು ಗರಿಯನ್ನಾದರೂ ಓದಬಲ್ಲವನು ಓದಿ, ಕಿರಿಯನೊಬ್ಬನಿಗೆ ಅದರ ಅಕ್ಷರಗಳನ್ನು ತೋರಿಸಿಕೊಡಲಿ. ವಿದ್ಯಾಸಂಸ್ಥೆಗಳ ಗ್ರಂಥಾಲಯಗಳೂ ವರ್ಷಕ್ಕೊಮ್ಮೆಯಾದರೂ ಹೀಗೆ ಮಾಡಲು ಅಡ್ಡಿಯಿಲ್ಲ. ಪೂಜೆ ಇರಲಿ, ಅದು ಓದಿನಲ್ಲಿ ಮುಗಿಯಲಿ.