ಕನಸಿನೊಳಗೂ ಬೀದಿಯಿದೆ

ನವ್ಯ ಚಿತ್ರವೆಂದರೆ ನಮ್ಮಲ್ಲಿ ಅನೇಕರಿಗೆ ಅಳುಕು. ‘ಇದರ ಅರ್ಥವೇನು?’ ಎಂದು ಕೇಳಿ, ಉತ್ತರ ಸಿಗದೆ ಮುಂದೆ ನಡೆದುಬಿಡುತ್ತೇವೆ. ಆದರೆ ಬೆಳಿಗ್ಗೆ ಎದ್ದು ಕನಸು ಹೇಳುವಾಗ ನಾವು ಅರ್ಥದಿಂದ ಆರಂಭಿಸುವುದಿಲ್ಲ. ಏನು ಕಂಡಿತು, ಅದರ ಪಕ್ಕದಲ್ಲಿ ಏನಿತ್ತು ಎಂದೇ ಹೇಳುತ್ತೇವೆ. ಕನಸಿನಂಥ ಚಿತ್ರಗಳನ್ನು ನೋಡಲೂ ಅದೇ ದಾರಿ.

ಗಣೇಶ್ ಪೈನ್ ಮತ್ತು ಅರ್ಪಿತಾ ಸಿಂಗ್ ಇಬ್ಬರೂ 1937ರಲ್ಲಿ ಬಂಗಾಳದಲ್ಲಿ ಹುಟ್ಟಿದವರು. 2013ರಲ್ಲಿ ತೀರಿಕೊಂಡ ಪೈನ್, ಬಾಲ್ಯದಲ್ಲಿ ಅಜ್ಜಿಯ ಕಥೆಗಳನ್ನು ಕೇಳಿದರು. 1946ರ ಕಲ್ಕತ್ತೆಯ ಗಲಭೆಯಲ್ಲಿ ಹೆಣಗಳನ್ನೂ ಕಂಡರು. ತೆಳುವಾಗಿ ಪದರದ ಮೇಲೆ ಪದರ ಬಳಿದ ಅವರ ಟೆಂಪೆರಾ ಚಿತ್ರಗಳ ಕತ್ತಲೆಯಲ್ಲಿ ಮೂಳೆ, ದೋಣಿಗಳು ಮಿನುಗುತ್ತವೆ. ಚೆಲುವಿಗೆ ಕೊರತೆಯಿಲ್ಲ. ಆದರೆ ಅಲ್ಲಿ ಭಯವೂ ಒಡವೆಯಂತೆ ಹೊಳೆಯುವುದರಿಂದ ನಾವು ಮೆಚ್ಚಿ, ದೂರವೇ ಉಳಿಯುತ್ತೇವೆ.

ದೆಹಲಿಯಲ್ಲಿ ನೆಲೆಸಿದ ಅರ್ಪಿತಾ ನಮ್ಮನ್ನು ದೂರ ನಿಲ್ಲಲು ಬಿಡುವುದಿಲ್ಲ. ನೇಕಾರರ ಸೇವಾ ಕೇಂದ್ರದಲ್ಲಿ ಕೆಲಸ ಮಾಡಿದ ಅವರಿಗೆ ಬಂಗಾಳದ ಕಾಂತಾ ಹೊಲಿಗೆಯೂ ಸ್ಫೂರ್ತಿ. ಕಾಂತಾ ಎಂದರೆ ನಮ್ಮ ಕೌದಿಯ ಅಕ್ಕನೆನ್ನಿ: ಹಳೆಯ ಸೀರೆಗಳ ಪದರ ಸೇರಿಸಿ ಹೊಲಿಯುವುದು. ಅವರ ಚಿತ್ರಗಳಲ್ಲೂ ಹೂವು, ಕಾರು, ವಿಮಾನ, ಪಿಸ್ತೂಲು, ಅಂಕಿಗಳೆಲ್ಲ ಪಕ್ಕಪಕ್ಕದಲ್ಲೇ. 1990ರ ಒಂದು ಚಿತ್ರದಲ್ಲಿ ಹಲವು ಕೈಗಳ ದೇವಿ ಪಿಸ್ತೂಲು ಹಿಡಿದಿದ್ದಾಳೆ. 1993ರ ‘ನನ್ನ ತಾಯಿ’ಯಲ್ಲಿ ವಯಸ್ಸಾದ ತಾಯಿ ಮುಂದೆ ದೊಡ್ಡದಾಗಿ ನಿಂತಿದ್ದಾಳೆ, ಹಿಂದಿನ ಬೀದಿಯಲ್ಲಿ ಹಿಂಸೆ. ದೇಶವನ್ನು ನಡುಗಿಸಿದ 1992-93ರ ಕೋಮುಗಲಭೆಗಳ ಬೆನ್ನಿಗೇ ಬಂದ ಚಿತ್ರವಿದು. ಮನೆಯನ್ನೂ ಬೀದಿಯನ್ನೂ ಬೇರ್ಪಡಿಸುವ ಗೋಡೆ ಅಲ್ಲಿಲ್ಲ. ಮಗಳು ಸಂಜೆ ಮನೆ ಸೇರುವವರೆಗೂ ಬಾಗಿಲಲ್ಲಿ ನಿಂತವರಿಗೆ ಇದನ್ನು ವಿವರಿಸಬೇಕೆ?

ಅವರು ಬರೆದ ಹೆಂಗಸರು ತರುಣಿಯರೇ ಆಗಬೇಕಿಲ್ಲ. ಜೋತ ಎದೆ, ಮಡಿಕೆಬಿದ್ದ ಹೊಟ್ಟೆಯನ್ನು ಮುಚ್ಚಿಯೂ ಇಲ್ಲ, ಚೆಂದಗಾಣಿಸಿಯೂ ಇಲ್ಲ. ಕ್ಯಾಲೆಂಡರ್ ಚೆಲುವೆಯರ ನಡುವೆಯೇ ವಯಸ್ಸಾದ ನಮ್ಮಂಥವರಿಗೆ ಇದು ಸಣ್ಣ ಮಾತಲ್ಲ.

ಕೆಲವೊಮ್ಮೆ ಅಕ್ಷರ, ಅಂಕಿಗಳ ಸಂತೆ ಹೆಚ್ಚಾಗಿ ಕಣ್ಣು ದಣಿಯುತ್ತದೆ, ನಿಜ. ಎಂಬತ್ತು ದಾಟಿದ ಮೇಲೆ, 2025ರಲ್ಲಿ, ಲಂಡನ್ನಿನ ಸರ್ಪೆಂಟೈನ್ ಗ್ಯಾಲರಿಯಲ್ಲಿ ಅವರ ಏಕವ್ಯಕ್ತಿ ಪ್ರದರ್ಶನ ನಡೆಯಿತು. ನಮಗೆ ಅಷ್ಟು ದೂರ ಹೋಗಲಾಗದಿದ್ದರೇನು? ಪುಸ್ತಕದಲ್ಲಿ ಅವರ ಚಿತ್ರ ಸಿಕ್ಕರೆ ಪುಟ ಮಗುಚಬೇಡಿ. ತಾಯಿಯ ಪಕ್ಕದಲ್ಲಿ ಏನಿದೆ, ಮೊದಲು ಅದನ್ನು ನೋಡಿ.