ಮುದಿ ನಾಯಿಯ ಮುಂದಿನ ತಾಟು

ಮುಧೋಳ ನಾಯಿಯನ್ನು ಬಲ್ಲವರ ಕಣ್ಣು ಮೊದಲು ಹೋಗುವುದು ಪಕ್ಕೆಲುಬಿಗೆ. ಹಿಂದಿನ ಎರಡು ಮೂರು ಎಲುಬು ಚರ್ಮದಡಿ ಎಣಿಸುವಂತಿರಬೇಕು, ಎದೆ ಆಳಕ್ಕಿಳಿದಿರಬೇಕು, ಹೊಟ್ಟೆ ಬೆನ್ನಿಗೆ ಸೇದಿಕೊಂಡಿರಬೇಕು, ತೊಡೆ ಹುರಿಗಟ್ಟಿರಬೇಕು. ಹೊಸಬರು ಕಂಡರೆ "ಪಾಪ, ಹೊಟ್ಟಿಗಿಲ್ಲದ ನಾಯಿ" ಎಂದು ಮರುಗುತ್ತಾರೆ, ನಾವು ಮೀಸೆಯಡಿ ನಗುತ್ತೇವೆ. ಆದರೆ ನಾಯಿಗೆ ಮುಪ್ಪು ಬಂದಾಗ ಈ ಹೆಮ್ಮೆಯೇ ನಮ್ಮ ಕಣ್ಣು ಕಟ್ಟುತ್ತದೆ. ಮೈತುಂಬಿದ ಲ್ಯಾಬ್ರಡಾರ್ ಇಳಿದರೆ ಬೀದಿಯವರಿಗೂ ಗೊತ್ತಾಗುತ್ತದೆ. ಮುಧೋಳದ್ದು ಎರಡು ಮೂರು ಕಿಲೊ ಕಳೆದುಕೊಂಡರೂ ಸಾಕಿದವರಿಗೇ ತಿಳಿಯುವುದಿಲ್ಲ. ಎಲುಬು ಮೊದಲೂ ಕಾಣುತ್ತಿತ್ತು, ಈಗಲೂ ಕಾಣುತ್ತದೆ.

ಈ ವಾರ ಇದನ್ನು ಬರೆಯಲು ಕಾರಣ ಸಿಂದಗಿ ತಾಲ್ಲೂಕಿನ ಯಂಕಂಚಿಯಿಂದ ಬಂದ ಒಂದು ಫೋನು. ಮಾತಾಡಿದವರು ಹಿರಿಯ ರೈತರು. "ಸರ್, ನಾಯಿ ಏನೂ ತಿನ್ನವಲ್ದ್ರಿ. ರೊಟ್ಟಿ ಹಾಲಾಗ ಮುರಿದ ಹಾಕಿದ್ನಿ, ಮೂಸಿ ನೋಡಿ ಹೊಳ್ಳಿ ಹೋತು. ನಿನ್ನಿ ಖಂಡದ ಎಸರ ಹಾಕಿದ್ನಿ, ಅದಕ್ಕೂ ಬಾಯಿ ಹಚ್ಚಲಿಲ್ಲ. ಹಟ ಹಿಡದೈತೇನೋ ಅನಸ್ತೈತಿ." ವಯಸ್ಸು ಕೇಳಿದೆ. ಹನ್ನೊಂದು ದಾಟಿದೆ ಎಂದರು. ನೀರು ಕುಡಿಯುತ್ತದೆಯೇ ಎಂದೆ. "ನೀರು ಭಾಳ ಕುಡಿತೈತ್ರಿ. ರಾತ್ರಿ ಕಟ್ಟಿ ಮ್ಯಾಲೇ ಉಚ್ಚಿ ಹೊಯ್ಕೋತೈತಿ, ಹಿಂಗ ಎಂದೂ ಮಾಡಿದ್ದಿಲ್ಲ."

"ಕಾಕಾ, ಇದು ಹಟ ಅಲ್ಲ" ಎಂದಷ್ಟೇ ಆಗ ಹೇಳಿದೆ. ಉಳಿದದ್ದನ್ನು ಇಲ್ಲಿ ಹೇಳುತ್ತೇನೆ. ಇಂಡಿ, ಮುದ್ದೇಬಿಹಾಳ, ಬಾಗೇವಾಡಿ ಕಡೆಗಳಿಂದಲೂ ಇದೇ ಪ್ರಶ್ನೆ ಬರುತ್ತಿರುತ್ತದೆ.

ನಮ್ಮ ಸೀಮೆಯಲ್ಲಿ ಪ್ರೀತಿ ತೋರುವ ದಾರಿ ಒಂದೇ, ಉಣಿಸುವುದು. ಮನೆಗೆ ಬಂದವರನ್ನು "ಊಟಾ ಆತೇನ್ರಿ" ಎಂದೇ ಮಾತಾಡಿಸುತ್ತೇವೆ. ಹಾಗಾಗಿ ನಾಯಿ ತಾಟಿನಿಂದ ಮುಖ ತಿರುಗಿಸಿದರೆ ಇನ್ನಷ್ಟು ರುಚಿಯದನ್ನು ಹುಡುಕಲು ಓಡುತ್ತೇವೆ. ರೊಟ್ಟಿ ಹೋಗಿ ಮೊಟ್ಟೆ, ಮೊಟ್ಟೆ ಹೋಗಿ ಖಂಡ, ಖಂಡ ಹೋಗಿ ಪೇಟೆಯ ಬಿಸ್ಕತ್ತು. ತಾಟು ಬದಲಾಗುತ್ತ ಹೋಗುತ್ತದೆ, ದಿನ ಕಳೆಯುತ್ತ ಹೋಗುತ್ತವೆ. ನೋಡಬೇಕಾದದ್ದು ನಾಯಿ ಹೇಗೆ ಬಿಡುತ್ತಿದೆ ಎಂಬುದನ್ನು. ಬಿಡುವ ರೀತಿಯಲ್ಲೇ ಅರ್ಧ ರೋಗಪತ್ತೆ ಅಡಗಿದೆ.

ಒಂದು ನಾಯಿ ಆಸೆಯಿಂದ ಓಡಿ ಬಂದು ತುತ್ತು ಎತ್ತುತ್ತದೆ, ಒಂದೇ ಪಕ್ಕದಲ್ಲಿ ಅಗಿಯುತ್ತದೆ, ಕೆಳಗೆ ಬೀಳಿಸುತ್ತದೆ. ಹಸಿವಿದೆ, ಬಾಯಿಗೆ ಆಗುತ್ತಿಲ್ಲ. ಕೊಳೆತ ದವಡೆ ಹಲ್ಲು, ಒಸಡಿನ ಕೀವು, ನಾಲಿಗೆಯ ಬುಡದ ಗಂಟು, ಇವೆಲ್ಲ ಮುದಿ ನಾಯಿಗಳ ಬಾಯಲ್ಲಿ ಸಿಗುವಂಥವೇ. ತುಟಿ ಎತ್ತಿ ನೋಡಿದವರಿಗೆ ಕಾಣುತ್ತದೆ. ಇನ್ನೊಂದು ನಾಯಿ ತಾಟಿನವರೆಗೆ ಬಂದು ಮೂಸುತ್ತದೆ, ತುಟಿ ನೆಕ್ಕಿಕೊಳ್ಳುತ್ತದೆ, ಜೊಲ್ಲು ಸುರಿಸುತ್ತದೆ, ಮುಖ ಆಚೆ ತಿರುಗಿಸುತ್ತದೆ. ಅದಕ್ಕೆ ಓಕರಿಕೆ. ಮೂತ್ರಪಿಂಡ, ಯಕೃತ್ತು ಸೋತಾಗ ಹೀಗಾಗುತ್ತದೆ. ಮೂರನೆಯದು ತಾಟು ಇಟ್ಟ ಸದ್ದಿಗೆ ಕತ್ತನ್ನೂ ಎತ್ತುವುದಿಲ್ಲ. ನೋವಿರಬಹುದು, ಜ್ವರವಿರಬಹುದು, ಆಯುಸ್ಸು ಮುಗಿಯುತ್ತ ಬಂದಿರಲೂಬಹುದು.

ಯಂಕಂಚಿಯ ನಾಯಿ ಎರಡನೆಯ ಸಾಲಿನದು. ಹೆಚ್ಚು ನೀರು, ಹೆಚ್ಚು ಮೂತ್ರ, ಓಕರಿಕೆ ಕೂಡಿದರೆ ಮೊದಲ ಅನುಮಾನ ಮೂತ್ರಪಿಂಡದ ಮೇಲೆ. ರಕ್ತದಲ್ಲಿ ಕ್ರಿಯಾಟಿನಿನ್ ಏರಿದ್ದು ಗೊತ್ತಾಗುವ ಹೊತ್ತಿಗೆ ಮೂತ್ರಪಿಂಡದ ಸುಮಾರು ಮುಕ್ಕಾಲು ಪಾಲು ಕೆಲಸ ನಿಂತಿರುತ್ತದೆ. ಮೈಯಲ್ಲಿ ಸ್ನಾಯು ಕರಗಿದಾಗ ಆ ಅಂಕಿ ಇದ್ದದ್ದಕ್ಕಿಂತ ಕಡಿಮೆಯೂ ತೋರುತ್ತದೆ. ಆದ್ದರಿಂದ ಮುಧೋಳ ನಾಯಿಯ ಪಕ್ಕೆಲುಬು ಬಿಟ್ಟು ಕಣತಲೆ ನೋಡಿ, ಬೆನ್ನೆಲುಬಿನ ಇಕ್ಕೆಲ ಮುಟ್ಟಿ, ತೊಡೆ ಹಿಡಿದು ನೋಡಿ. ಕಣತಲೆ ಕುಳಿಬಿದ್ದು ಬೆನ್ನ ಮೇಲೆ ಏಣು ಎದ್ದಿದ್ದರೆ ಅದು ತಳಿಯ ಚೆಂದ ಅಲ್ಲ, ಸವೆತ. ತಿಂಗಳಿಗೊಮ್ಮೆ ತೂಕ ಬರೆದಿಟ್ಟವರು ಇದನ್ನು ಎಷ್ಟೋ ಮೊದಲೇ ಹಿಡಿಯುತ್ತಾರೆ. ನಾಯಿಯನ್ನು ಎತ್ತಿಕೊಂಡು ನೀವೇ ತಕ್ಕಡಿ ಹತ್ತಿ, ಆಮೇಲೆ ನಿಮ್ಮ ತೂಕ ಕಳೆದರೆ ಆಯಿತು.

"ವಯಸ್ಸಾತು, ಇನ್ನೇನ್ ಮಾಡೂದು" ಎಂದು ಕೈಚೆಲ್ಲುವ ಮೊದಲು ಎರಡು ರೋಗ ನೆನಪಿರಲಿ. ಎರಡೂ ಮುಪ್ಪಿನ ವೇಷ ಹಾಕಿ ಬರುತ್ತವೆ, ಎರಡಕ್ಕೂ ಮದ್ದಿದೆ. ಒಂದು ಉಣ್ಣಿಯಿಂದ ಬರುವ ಎರ್ಲಿಕಿಯಾ. ದನಕರು ಇರುವ ಮನೆಗಳಲ್ಲಿ ಉಣ್ಣಿಗೇನೂ ಕೊರತೆಯಿಲ್ಲ. ಜ್ವರ ಬಂದು ಹೋಗುತ್ತದೆ, ಒಸಡು ಬಿಳಿಚುತ್ತದೆ, ಒಮ್ಮೊಮ್ಮೆ ಮೂಗಿನಿಂದ ರಕ್ತ ಬರುತ್ತದೆ, ನಾಯಿ ಊಟ ಬಿಡುತ್ತದೆ. ರಕ್ತ ಪರೀಕ್ಷೆ ಮಾಡಿಸಿ ಡಾಕ್ಸಿಸೈಕ್ಲಿನ್ ನಾಲ್ಕು ವಾರ ಬಿಡದೆ ಕೊಟ್ಟರೆ ಎಷ್ಟೋ ನಾಯಿಗಳು ಎದ್ದು ನಿಲ್ಲುತ್ತವೆ. ಇನ್ನೊಂದು ಗರ್ಭಕೋಶದ ಕೀವು, ಪಯೋಮೆಟ್ರಾ. ಸಂತಾನಹರಣ ಮಾಡಿಸದ ಮುದಿ ಹೆಣ್ಣು ನಾಯಿ ಬೆದೆ ಮುಗಿದ ಕೆಲವು ವಾರಗಳಲ್ಲಿ ಊಟ ಬಿಟ್ಟು ನೀರೇ ನೀರು ಕುಡಿಯುತ್ತಿದ್ದರೆ ಅದೇ ದಿನ ಡಾಕ್ಟರಿಗೆ ತೋರಿಸಬೇಕು. ಕೀವು ಕೆಲವೊಮ್ಮೆ ಹೊರಗೆ ಕಾಣುವುದೇ ಇಲ್ಲ. ಶಸ್ತ್ರಚಿಕಿತ್ಸೆಗೆ ಒಯ್ದಾಗ ಇದು ಬೇಟೆ ತಳಿ ಎಂದು ಡಾಕ್ಟರಿಗೆ ಹೇಳಿ. ಗ್ರೇಹೌಂಡ್‌ನಂಥ ಕೊಬ್ಬಿಲ್ಲದ ನಾಯಿಗಳು ಥಯೋಪೆಂಟಾಲ್ ಅರಿವಳಿಕೆಯಿಂದ ಏಳಲು ಬಹಳ ಹೊತ್ತು ಹಿಡಿಯುತ್ತವೆ.

ಇನ್ನು ಮನೆಮದ್ದಿನ ಹೆಸರಿನಲ್ಲಿ ಆಗುವ ಅನಾಹುತ. ದನಕ್ಕೆ ಔಷಧಿ ಕುಡಿಸುವ ಗೊಟ್ಟವನ್ನು ನಾಯಿಯ ಬಾಯಿಗೂ ಇಡುವವರಿದ್ದಾರೆ. ನಿತ್ರಾಣವಾದ ನಾಯಿಯ ತಲೆ ಎತ್ತಿ ಹಿಡಿದು ಹಾಲೋ ಗಂಜಿಯೋ ಹೊಯ್ದರೆ ಅದು ಪುಪ್ಪುಸಕ್ಕೆ ಇಳಿಯಬಹುದು. ಇದ್ದ ರೋಗದ ಮೇಲೆ ನ್ಯುಮೋನಿಯಾ ಬಂದು ಕೂರುತ್ತದೆ. ಓಕರಿಕೆಯಲ್ಲಿರುವ ನಾಯಿಗೆ ಬಲವಂತವಾಗಿ ತುರುಕಿದ ಪದಾರ್ಥದ ಮೇಲೆ ಕಾಯಂ ಹೇಸಿಗೆಯೂ ಹುಟ್ಟುತ್ತದೆ. ಗುಳಿಗೆಯನ್ನು ಅದರ ಮೆಚ್ಚಿನ ತುತ್ತಿನಲ್ಲಿ ಮುಚ್ಚಿಟ್ಟು ಕೊಟ್ಟರೂ ಅಷ್ಟೇ, ಕಹಿ ಒಮ್ಮೆ ನಾಲಿಗೆಗೆ ಹತ್ತಿದರೆ ಉಳಿದಿದ್ದ ಒಂದು ರುಚಿಯೂ ಹೋಯಿತು. ಮನುಷ್ಯರ ನೋವಿನ ಗುಳಿಗೆಗಳಾದ ಐಬುಪ್ರೊಫೆನ್, ಡೈಕ್ಲೊಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡ ಕೆಡಿಸುತ್ತವೆ. ಎಸರಿನಲ್ಲಿ ಉಳ್ಳಾಗಡ್ಡಿ, ಬಳ್ಳೊಳ್ಳಿ ಬೇಡ, ಅವು ನಾಯಿಯ ಕೆಂಪು ರಕ್ತಕಣ ಒಡೆಯುತ್ತವೆ. ನಮ್ಮ ಜಿಲ್ಲೆಯವರು ಗಟ್ಟಿಯಾಗಿ ನೆನಪಿಡಬೇಕಾದದ್ದು ಒಣದ್ರಾಕ್ಷಿ. ವಿಜಯಪುರದ ಮನೆಮನೆಯಲ್ಲೂ ಮಣೂಕದ ಡಬ್ಬಿ ಇರುತ್ತದೆ, ಶಕ್ತಿ ಬರಲಿ ಎಂದು ನಾಯಿಗೂ ಒಂದು ಹಿಡಿ ಹಾಕುತ್ತಾರೆ. ದ್ರಾಕ್ಷಿ ಹಸಿಯಿರಲಿ, ಒಣಗಿರಲಿ, ನಾಯಿಯ ಮೂತ್ರಪಿಂಡವನ್ನು ಒಂದೆರಡು ದಿನದಲ್ಲಿ ನಿಲ್ಲಿಸಿಬಿಡಬಲ್ಲದು. ಅದರೊಳಗಿನ ಟಾರ್ಟಾರಿಕ್ ಆಮ್ಲವೇ ಕಾರಣ ಎಂದು 2021ರಿಂದ ಈಚೆಗೆ ಪಶುವೈದ್ಯರು ಶಂಕಿಸುತ್ತಿದ್ದಾರೆ.

ಹಾಗಾದರೆ ಕೊಡುವುದು ಹೇಗೆ? ಓಕರಿಕೆ ಮೊದಲು ನಿಲ್ಲಬೇಕು, ಅನ್ನ ಆಮೇಲೆ. ಮಾರೊಪಿಟಂಟ್, ಆಂಡನ್‌ಸೆಟ್ರಾನ್ ವಾಂತಿ ತಡೆಯುತ್ತವೆ, ಮಿರ್ಟಾಜಪಿನ್ ಹಸಿವನ್ನೂ ಎಬ್ಬಿಸುತ್ತದೆ. ನಾಯಿಗಳ ಹಸಿವು ಹೆಚ್ಚಿಸಲಿಕ್ಕೆಂದೇ ಅಮೆರಿಕದಲ್ಲಿ ಮೊದಲು ಒಪ್ಪಿಗೆ ಪಡೆದ ಕ್ಯಾಪ್ರೊಮೊರೆಲಿನ್‌ಗೆ ಆ ಒಪ್ಪಿಗೆ ಸಿಕ್ಕಿದ್ದು 2016ರಲ್ಲಿ. ಯಾವುದನ್ನು ಎಷ್ಟು ಕೊಡಬೇಕೆಂಬುದು ಡಾಕ್ಟರ ಕೆಲಸ. ನಮ್ಮ ಊರುಗಳ ದನದ ದವಾಖಾನೆಯಲ್ಲಿ ಇವೆಲ್ಲ ಕಪಾಟಿನಲ್ಲಿ ಇರಲಿಕ್ಕಿಲ್ಲ. ಹೆಸರು ಗೊತ್ತಿದ್ದರೆ ಕೇಳಿ ಬರೆಸಿಕೊಂಡು ಪಟ್ಟಣದಿಂದ ತರಿಸಬಹುದು. ಚರ್ಮದಡಿ ಸಲೈನ್ ಏರಿಸುವುದನ್ನು ಕಲಿತ ಮನೆಯವರಿದ್ದಾರೆ, ಮೂತ್ರಪಿಂಡದ ನಾಯಿಗೆ ಅದರಿಂದ ಬಹಳ ಹಗುರಾಗುತ್ತದೆ. ನಾಯಿಯನ್ನು ಒಯ್ಯಲು ಗಾಡಿ ಇಲ್ಲದವರು 1962ಕ್ಕೆ ಕರೆ ಮಾಡಿದರೆ ಸಂಚಾರಿ ಪಶುಚಿಕಿತ್ಸಾ ವಾಹನ ಸಿಗುತ್ತದೆ.

ತಾಟಿನ ವಿಷಯದಲ್ಲಿ ನನ್ನ ಪಾಠ ಸರಳ. ಮುಪ್ಪಿನಲ್ಲಿ ಮೂಗು ಮಂದವಾಗುತ್ತದೆ, ಆದ್ದರಿಂದ ಅನ್ನ ಉಗುರುಬೆಚ್ಚಗಿರಲಿ. ನಾಯಿಯ ಮೈಯ ಬಿಸಿ 38ರಿಂದ 39 ಡಿಗ್ರಿ ಸೆಲ್ಸಿಯಸ್, ಅಷ್ಟು ಸಾಕು. ಮೆತ್ತಗೆ ಬೆಂದ ಅನ್ನ, ಮೊಟ್ಟೆಯ ಬಿಳಿ, ಉಪ್ಪು ಖಾರ ಇಲ್ಲದ ಕೋಳಿಯ ಎಸರು, ಅಂಗೈಯಷ್ಟೇ ಹಾಕಿ. ಕಾಲು ತಾಸಿನಲ್ಲಿ ಮುಟ್ಟದಿದ್ದರೆ ಮಾತಿಲ್ಲದೆ ಎತ್ತಿಬಿಡಿ, ಅದರ ಮುಂದೆ ಕೂತು ಬೇಡಿಕೊಳ್ಳಬೇಡಿ. ಉದ್ದ ಕಾಲಿನ ನಾಯಿಗೆ ಕತ್ತು ಬಗ್ಗಿಸುವುದೇ ಸಂಕಟ, ತಾಟನ್ನು ಎದೆಮಟ್ಟಕ್ಕೆ ಏರಿಸಿ ಇಡಿ. ಪಾಲಿಶ್ ಕಲ್ಲಿನ ನೆಲದಲ್ಲಿ ಕಾಲು ಜಾರುತ್ತದೆ ಎಂಬ ಅಂಜಿಕೆಗೇ ಊಟದತ್ತ ಬರದ ಮುದಿ ನಾಯಿಗಳಿವೆ, ಅಲ್ಲೊಂದು ಗೋಣಿಚೀಲ ಹಾಸಿ. ಬೇಸಿಗೆಯಲ್ಲಿ ನಮ್ಮ ಕಡೆ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ, ನಸುಕಿನಲ್ಲೂ ರಾತ್ರಿ ತಂಪಾದ ಮೇಲೂ ಮಾತ್ರ ಕೊಡಿ. ಮುಧೋಳದ್ದು ಪರರ ಕೈ ಒಗ್ಗದ ನಾಯಿ, ಮನೆಯಲ್ಲಿ ಒಬ್ಬರೇ ಉಣಿಸಿ. ಎಲುಬು ನೆಲಕ್ಕೆ ಒತ್ತಿ ಹುಣ್ಣಾಗದಂತೆ ಎರಡು ಮಡಿಕೆ ಕೌದಿ ಹಾಸಿ, ಕೆಲವು ತಾಸಿಗೊಮ್ಮೆ ಮಗ್ಗಲು ಬದಲಿಸಿ.

ಎಷ್ಟು ಹೋಗಬೇಕು? ತೂಕವನ್ನು 30ರಿಂದ ಗುಣಿಸಿ 70 ಕೂಡಿಸಿದರೆ ಮಲಗಿದ ನಾಯಿಗೆ ದಿನಕ್ಕೆ ಬೇಕಾದ ಕಿಲೊ ಕ್ಯಾಲೊರಿ ಸಿಗುತ್ತದೆ. 22 ಕಿಲೊ ನಾಯಿಗೆ 730. ಒಂದು ಮೊಟ್ಟೆಯಲ್ಲಿ ಇರುವುದು ಸುಮಾರು 70. ಎರಡು ತುತ್ತು ಹೋಯಿತೆಂದು ಹಿಗ್ಗುವ ಮನೆಯವರು ಈ ಲೆಕ್ಕ ಒಮ್ಮೆ ಹಾಕಬೇಕು. ಮೂತ್ರಪಿಂಡದ ನಾಯಿಗೆ ರಂಜಕ ಕಡಿಮೆ ಇರುವ ಪಥ್ಯ ಒಳ್ಳೆಯದು ನಿಜ, ಮೊಟ್ಟೆಯಲ್ಲಿ ಬಿಳಿ ಭಾಗವನ್ನಷ್ಟೇ ಹೇಳಿದ್ದು ಅದಕ್ಕೇ. ಆದರೆ ಪಥ್ಯದ ಹಟದಲ್ಲಿ ಉಪವಾಸ ಕೆಡವಿದರೆ ರೋಗಕ್ಕಿಂತ ಮೊದಲು ಹಸಿವೇ ಕೊಲ್ಲುತ್ತದೆ. ಕೊನೆಗಾಲದಲ್ಲಿ ಕೇಳಿದ್ದು ರೊಟ್ಟಿಯಾದರೆ ರೊಟ್ಟಿಯೇ ಸರಿ.

ಇಷ್ಟಾದರೂ ತಾಟು ಹಾಗೇ ಉಳಿಯುವ ದಿನ ಬರುತ್ತದೆ. ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಲೋಬೊಸ್ 2004ರಲ್ಲಿ ಇದಕ್ಕೊಂದು ಅಳತೆ ಮಾಡಿಕೊಟ್ಟರು. ನೋವು, ಹಸಿವು, ನೀರು, ಮೈಯ ಚೊಕ್ಕಟ, ಖುಷಿ, ಓಡಾಟ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನ ಹೆಚ್ಚಿವೆಯೇ ಎಂಬುದು, ಹೀಗೆ ಏಳು ಸಂಗತಿಗಳಿಗೆ ತಲಾ ಹತ್ತು ಅಂಕ. ಒಟ್ಟು 35ಕ್ಕಿಂತ ಮೇಲಿದ್ದರೆ ಆರೈಕೆ ಮುಂದುವರಿಸಬಹುದು. ಗೋಡೆಯ ಕ್ಯಾಲೆಂಡರಿನಲ್ಲಿ ಒಳ್ಳೆಯ ದಿನಕ್ಕೊಂದು ಗೆರೆ, ಕೆಟ್ಟದ್ದಕ್ಕೊಂದು ಚುಕ್ಕೆ ಹಾಕಿದರೂ ಸಾಕು, ಕಣ್ಣೆದುರು ಸತ್ಯ ಬಂದು ನಿಲ್ಲುತ್ತದೆ. ಚುಕ್ಕೆ ಹೆಚ್ಚಾದ ಮೇಲೆ ಡಾಕ್ಟರನ್ನು ಕರೆಸಿ ಸೂಜಿಯಿಂದ ಮುಗಿಸುವುದು ಪಾಪವಲ್ಲ. ಪೆಂಟೊಬಾರ್ಬಿಟಾಲ್ ರಕ್ತನಾಳಕ್ಕೆ ಹೋದರೆ ನಾಯಿಗೆ ಮೊದಲು ಪ್ರಜ್ಞೆ ತಪ್ಪುತ್ತದೆ, ಆಮೇಲೆ ಉಸಿರು ನಿಲ್ಲುತ್ತದೆ. ವಾಸಿಯಾಗದ ಬೀದಿನಾಯಿಗಳಿಗೂ 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಹೇಳುವುದು ಇದೇ ಮಾರ್ಗವನ್ನು. ಹೊಲದ ಬದುವಿನಲ್ಲಿ ಬಿಟ್ಟು ಬರುವುದು, ಅನ್ನದಲ್ಲಿ ವಿಷ ಇಡುವುದು ಮಾತ್ರ ಪಾಪವೂ ಹೌದು, 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧವೂ ಹೌದು.

ನಾಯಿಯ ಋಣವನ್ನು ಗಟ್ಟಿಯಾಗಿ ಬರೆದಿಟ್ಟ ನಾಡು ನಮ್ಮದು. ಮದ್ದೂರು ಸಮೀಪದ ಆತಕೂರಿನಲ್ಲಿ ಕ್ರಿ.ಶ. 949–50ರ ಒಂದು ವೀರಗಲ್ಲು ಇತ್ತು, ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರ, ಏನು ಬೇಕೆಂದು ಒಡೆಯ ಕೇಳಿದಾಗ ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಕಾಡುಹಂದಿಯೊಂದಿಗೆ ಕಾದಾಡಿ ಎರಡೂ ಸತ್ತವು. ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ಈ ಕಲ್ಲನ್ನು ಪೂಜಿಸದೆ ಪೂಜಾರಿ ಗೊರವ ಉಂಡರೆ ನಾಯಿಯ ಪಾಪ ಅವನಿಗೆ ತಟ್ಟಲಿ ಎಂದೂ ಕೆತ್ತಿಸಿದರು. ಕಾದಾಡಿ ಸತ್ತ ನಾಯಿಗೆ ಕಲ್ಲು ನಿಂತಿತು. ಕೌದಿಯ ಮೇಲೆ ಮೆಲ್ಲಗೆ ಸೋಲುವ ನಾಯಿಗೆ ಕಲ್ಲೂ ಇಲ್ಲ, ಕೊಳ್ಳುವವರೂ ಇಲ್ಲ.

ಕೊಳ್ಳುವವರ ಮಾತು ಬಂತೆಂದೇ ಇದನ್ನೂ ಹೇಳಬೇಕು. ಬೇಡರ ಕೈಯಲ್ಲಿದ್ದ ಮುಧೋಳ ತಳಿಯನ್ನು ಅಲ್ಲಿನ ರಾಜಾ ಮಾಲೋಜಿರಾವ್ ಘೋರ್ಪಡೆ ಉಳಿಸಿ ಬೆಳೆಸಿದರು, ಒಂದು ಜೋಡಿಯನ್ನು ಐದನೆಯ ಜಾರ್ಜ್ ದೊರೆಗೆ ಕೊಟ್ಟರು. 2005ರ ಜನವರಿ 9ರಂದು ಇದರ ಚಿತ್ರವಿರುವ ಐದು ರೂಪಾಯಿಯ ಅಂಚೆಚೀಟಿ ಬಂತು. 2016ರಲ್ಲಿ ಸೇನೆ ಮರಿಗಳನ್ನು ಮೀರತ್‌ಗೆ ಕರೆದೊಯ್ದಿತು, 2020ರಲ್ಲಿ ಪ್ರಧಾನಿ ರೇಡಿಯೊದಲ್ಲಿ ಹೆಸರೆತ್ತಿದರು. ಅಂದಿನಿಂದ ಮರಿ ಕೊಳ್ಳುವವರ ಸಾಲು ನಿಂತಿಲ್ಲ. ಬಂದವರೆಲ್ಲ ಬಾಲ ನೋಡುತ್ತಾರೆ, ಎದೆ ಅಳೆಯುತ್ತಾರೆ, ಮರಿಯ ತಂದೆತಾಯಿಯನ್ನು ತೋರಿಸು ಎನ್ನುತ್ತಾರೆ. ಇನ್ನು ಮೇಲೆ ಒಂದು ಮಾತು ಹೆಚ್ಚು ಕೇಳಿ: "ನಿನ್ನ ಮನ್ಯಾಗಿನ ಮುದಿ ನಾಯಿ ತೋರ್ಸಪಾ." ಅದರ ಹಲ್ಲು, ಕಣತಲೆ, ಹಾಸಿಗೆ ನೋಡಿ. ತೋರಿಸಲು ಮುದಿ ನಾಯಿಯೇ ಇಲ್ಲದ ಮನೆಯಿಂದ ಎಷ್ಟೇ ಚೆಂದದ ಮರಿಯಿದ್ದರೂ ತರಬೇಡಿ.